ಕಳಮಶ್ಶೇರಿಯ ಮೂರು ನಿಮಿಷ ನಲವತ್ತು ಸೆಕೆಂಡು

ಹೋದ ವಾರ ತಿರುವನಂತಪುರದ ತಂಪಾನೂರಿನ ರೈಲು ನಿಲ್ದಾಣದಲ್ಲಿ ಮಗಳ ಜೊತೆ ಎರ್ನಾಕುಳಂ ಗಾಡಿಗೆ ಕಾಯುತ್ತಿದ್ದೆ. ಹೊರಗೆ ಜಡಿಮಳೆ. ಪ್ಲಾಟ್‌ಫಾರ್ಮಿನ ಕಂಬಗಳಿಗೆ ಇಬ್ಬರು ಬಣ್ಣ ಬಳಿಯುತ್ತಿದ್ದರು. ಇಂಥ ಮಳೆಯಲ್ಲಿ ಬಣ್ಣ ಬಳಿಸುವ ಬುದ್ಧಿ ಯಾರ ತಲೆಗೆ ಹೊಳೆಯಿತೋ, ಅಂತೂ ಹಸಿ ಬಣ್ಣದ ವಾಸನೆ, ಅದಕ್ಕೆ ಬೆರೆಸಿದ ಟರ್ಪೆಂಟೈನಿನ ವಾಸನೆ, ಒದ್ದೆ ನೆಲದ ವಾಸನೆ ಎಲ್ಲ ಒಂದಾಗಿ ಬಂದು ಮೂಗಿಗೆ ಬಡಿಯಿತು. ಸುತ್ತ ಇದ್ದವರು ಮೂಗು ಮುಚ್ಚಿಕೊಂಡು ದೂರ ಸರಿದರೆ ನಾನು ಎದ್ದು ಕಂಬದ ಹತ್ತಿರ ಹೋಗಿ ನಿಂತೆ.

"ಅಮ್ಮಾ, ಎಂದಾ ಈ ಚೆಯ್ಯುನ್ನೇ?" ಇದೇನು ಮಾಡುತ್ತಿದ್ದೀ ಎಂದು ಮಗಳು ಮಲಯಾಳದಲ್ಲೇ ಗದರಿದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ.

"ಏನಿಲ್ಲವ್ವ, ವಾಸನಿ ನೋಡಾಕತ್ತೀನಿ" ಎಂದೆ. ಅವಳು ತಲೆ ಚಚ್ಚಿಕೊಂಡು ಮೊಬೈಲಿಗೆ ಮರಳಿದಳು. ಅವಳಿಗೆ ಅದು ಬರೀ ನಾತ. ನನಗೆ ಅದು ಕಳಮಶ್ಶೇರಿ. ಎದೆ ಡವಡವ ಹೊಡೆದುಕೊಳ್ಳುತ್ತಲೇ ಕಳೆದ ಒಂದು ಇಡೀ ಮಳೆಗಾಲ.

ಆ ವರ್ಷ ನಾನು ಎರ್ನಾಕುಳಂ ಪಕ್ಕದ ಕಳಮಶ್ಶೇರಿಯ ಕೈಗಾರಿಕಾ ಪ್ರದೇಶದ ಒಂದು ರಾಳದ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿಯಾಗಿ ಸೇರಿದ್ದೆ. ಬಣ್ಣ ಗೋಡೆಗೆ ಕಚ್ಚಿಕೊಂಡು ನಿಲ್ಲುವಂತೆ ಮಾಡುವ ಅಂಟು ಇದೆಯಲ್ಲ, ಅದನ್ನು ಬೇಯಿಸುವ ಜಾಗ. ಗಂಡನಿಗೆ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕೆಲಸ, ಮನೆ ಶ್ರೀಕಾರ್ಯದಲ್ಲಿ. ಮಗಳು ಅವರ ಜೊತೆ. ನಾನು ಶನಿವಾರ ಸಂಜೆ ಗಾಡಿ ಹತ್ತಿ ಹೋಗಿ ಸೋಮವಾರ ಬೆಳಿಗ್ಗೆ ವಾಪಸು ಬರುತ್ತಿದ್ದೆ. ನೋಡಿದವರು ಅಯ್ಯೋ ಪಾಪ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಸೋಮವಾರ ಯಾವಾಗ ಬಂದೀತು ಎಂದು ನಾನು ಭಾನುವಾರ ಮಧ್ಯಾಹ್ನದಿಂದಲೇ ಚಡಪಡಿಸುತ್ತಿದ್ದೆ.

ಇದಕ್ಕೆ ನನ್ನ ಅಪ್ಪನೂ ಸ್ವಲ್ಪ ಕಾರಣ. ಗದಗಿನ ಹೈಸ್ಕೂಲಿನಲ್ಲಿ ಅವರು ಡ್ರಿಲ್ ಮಾಸ್ತರರು. ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚು. ನಾನು ಅಂಗಡಿಗೆ ಹೋಗಿ ಬೆಲ್ಲ ತಂದರೂ ಅವರು ಸೆಕೆಂಡು ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಣ್ಣಂದಿರು ಹೊಲ, ಮನೆ ಅಂತ ಮಾತಾಡುತ್ತಿದ್ದಾಗ ನಾನು ಆ ಸ್ಟಾಪ್‌ವಾಚು ಎತ್ತಿಕೊಂಡು ಬಂದಿದ್ದೆ. ಅದು ಕಳಮಶ್ಶೇರಿಯಲ್ಲಿ ನನ್ನ ಕೊರಳಿಗೆ ಬಿತ್ತು.

ಕಾರ್ಖಾನೆಯ ಮುಖ್ಯ ಕಟ್ಟಡಕ್ಕೆ ಎರಡು ಮಹಡಿ. ಮೇಲೆ ದೊಡ್ಡ ದೊಡ್ಡ ಉಕ್ಕಿನ ಕೊಪ್ಪರಿಗೆಗಳು. ಅವಕ್ಕೆ ಎಲ್ಲರೂ ಕೆಟಲ್ ಅನ್ನುತ್ತಿದ್ದರು. ಅವುಗಳಲ್ಲಿ ಎಣ್ಣೆ ಬೇಯಿಸಿ ರಾಳ ಮಾಡಿ ಕೆಳಗಿನ ಟ್ಯಾಂಕಿಗೆ ಬಿಟ್ಟು, ಅಲ್ಲಿ ಸಾಲ್ವೆಂಟ್ ಬೆರೆಸಿ ತೆಳು ಮಾಡುತ್ತಾರೆ. ಸಾಲ್ವೆಂಟ್ ಅಂದರೆ ನಮ್ಮ ಟರ್ಪೆಂಟೈನಿನ ಬಳಗದ ದ್ರವ. ಅದರ ಆವಿ ಗಾಳಿಗಿಂತ ಭಾರ. ಮೇಲೇರಿ ಹೋಗದೆ ನೆಲದ ಮೇಲೆ ಹರಿದುಕೊಂಡು ಹೋಗಿ ಎಲ್ಲೋ ದೂರದ ಕಿಡಿಯನ್ನು ಹುಡುಕಿ ತರುತ್ತದೆ. ಹೊತ್ತಿಕೊಂಡ ಮೇಲೆ ನೀರು ಸುರಿದರೆ ನೀರಿನ ಮೇಲೆ ತೇಲಿ ಬೆಂಕಿ ಊರೆಲ್ಲ ಹರಡುತ್ತದೆ. ಅದನ್ನು ನೊರೆಯಿಂದ ಹೊದಿಸಿ ಉಸಿರು ಕಟ್ಟಿಸಬೇಕು. ಇದನ್ನೆಲ್ಲ ನಾನು ನನ್ನ ಹರಕುಮುರುಕು ಮಲಯಾಳದಲ್ಲಿ ಪಾಠ ಮಾಡುತ್ತಿದ್ದರೆ ಕೆಲಸಗಾರರು ಬೆಂಕಿಯ ವಿಷಯ ಬಿಟ್ಟು ನನ್ನ ಭಾಷೆಗೆ ನಗುತ್ತಿದ್ದರು. ನಗಲಿ, ಕೇಳುತ್ತಿದ್ದಾರಲ್ಲ ಎಂದು ನಾನೂ ಬಿಡದೆ ಹೇಳುತ್ತಿದ್ದೆ.

ಅಲ್ಲಿ ನನಗೆ ಕನ್ನಡದ ಜೊತೆಗಾರ ಒಬ್ಬನೇ, ಬಾಲಣ್ಣ. ಕಾಸರಗೋಡಿನವನು, ಕಾರ್ಖಾನೆಯ ಅಗ್ನಿಶಾಮಕ ತಂಡದ ಮುಖ್ಯಸ್ಥ. ಆರಡಿ ಆಳು, ಮೆಲುದನಿ. ನನ್ನ ಮೊದಲ ಡ್ರಿಲ್ ದಿನ ನನ್ನ ಪಕ್ಕ ನಿಂತಿದ್ದವನು ಅವನೇ.

ಡ್ರಿಲ್ ಅಂದರೆ ಬೆಂಕಿ ಬಿದ್ದರೆ ಹೊರಗೆ ಓಡಿಬರುವ ಅಭ್ಯಾಸ. ಪಶ್ಚಿಮದ ಗೇಟಿನ ಬಳಿ ತಗಡಿನ ಮಾಡಿನ ಕೆಳಗೆ ಒಂದು ದೊಡ್ಡ ಹಲಗೆ. ಅದರಲ್ಲಿ ಮೊಳೆಗೊಂದರಂತೆ ಟೋಕನ್‌ಗಳು, ಪ್ರತಿಯೊಂದರ ಮೇಲೂ ಒಬ್ಬೊಬ್ಬರ ಹೆಸರು. ಒಂದು ಮುಖ ಕೆಂಪು, ಇನ್ನೊಂದು ಹಸಿರು. ಕಟ್ಟಡದ ಒಳಗೆ ಹೋಗುವಾಗ ನಿಮ್ಮ ಟೋಕನನ್ನು ಕೆಂಪಿಗೆ ತಿರುಗಿಸಬೇಕು, ಹೊರಗೆ ಬಂದರೆ ಹಸಿರಿಗೆ. ಸೈರನ್ ಕೂಗಿದ ಕೂಡಲೇ ಎಲ್ಲರೂ ಓಡಿಬಂದು ತಂತಮ್ಮ ಟೋಕನ್ ತಿರುಗಿಸಬೇಕು. ಕೊನೆಯ ಕೆಂಪು ಹಸಿರಾದಾಗ ನನ್ನ ವಾಚು ನಿಲ್ಲುತ್ತದೆ. ಹಲಗೆ ಪೂರ್ತಿ ಹಸಿರಾದರೆ ಒಳಗೆ ಯಾರೂ ಇಲ್ಲವೆಂದು ಅರ್ಥ. ಆಗ ಬಾಲಣ್ಣನ ಹುಡುಗರು ಜೀವ ಪಣಕ್ಕಿಟ್ಟು ಒಳಗೆ ನುಗ್ಗುವ ಅಗತ್ಯವಿಲ್ಲ, ಹೊರಗಿನಿಂದಲೇ ಬೆಂಕಿಯ ಜೊತೆ ಹೋರಾಡಬಹುದು.

ಮೊದಲ ಡ್ರಿಲ್‌ನಲ್ಲಿ ಹಲಗೆ ಹಸಿರಾಗಲು ಹನ್ನೆರಡು ನಿಮಿಷ ಹಿಡಿಯಿತು. ಕೊಡೆ ಬಿಡಿಸಿಕೊಂಡು, ಹರಟುತ್ತ, ಮದುವೆ ಮನೆಗೆ ಹೊರಟವರ ಹಾಗೆ ಬಂದರು. ಒಬ್ಬನ ಕೈಯಲ್ಲಿ ಅರ್ಧ ಕುಡಿದ ಚಾಯದ ಲೋಟ. ನಾನು ಹಲ್ಲು ಕಡಿಯುತ್ತ ನಿಂತಿದ್ದೆ.

"ಎಂತ ಮಾಡುದು ಮೇಡಂ" ಎಂದ ಬಾಲಣ್ಣ. "ಇವರಿಗೆ ಸೈರನ್ ಅಂದ್ರೆ ಕೆಲಸಕ್ಕೆ ಸ್ವಲ್ಪ ರಜೆ ಸಿಕ್ಕಿದ ಹಾಗೆ. ಬೈದ್ರೆ ಆಗುದಿಲ್ಲ. ಬೇರೆ ಎಂತಾದ್ರೂ ಬೇಕು."

ಆ ಬೇರೆ ಏನೋ ನನಗೆ ಅದೇ ಸಂಜೆ ಹೊಳೆಯಿತು. ಮೂರು ಪಾಳಿಗಳ ನಡುವೆ ಪಂದ್ಯ. ವಾರಕ್ಕೆ ಒಂದು ಡ್ರಿಲ್, ಎಲ್ಲಕ್ಕಿಂತ ಬೇಗ ಹಲಗೆ ಹಸಿರು ಮಾಡಿದ ಪಾಳಿಗೆ ಕ್ಯಾಂಟೀನಿನಲ್ಲಿ ಅಡಪ್ರಥಮನ್ ಪಾಯಸ, ಬೇಕಾದಷ್ಟು. ಸೋತ ಪಾಳಿ ಬಡಿಸಬೇಕು. ಪಾಯಸಕ್ಕಿಂತಲೂ ಈ ಬಡಿಸುವ ಶರತ್ತೇ ಕೆಲಸ ಮಾಡಿತು.

ಕಾರ್ಖಾನೆಗೆ ಕಾರ್ಖಾನೆಯೇ ಬದಲಾಯಿತು. ಊಟದ ಹೊತ್ತಿಗೆ ಯಾವ ಮೆಟ್ಟಿಲು ಹತ್ತಿರ, ಯಾರು ಯಾರ ಹಿಂದೆ ಓಡಬೇಕು ಎಂಬ ಚರ್ಚೆ. ದಾರಿಗೆ ಅಡ್ಡವಿದ್ದ ಖಾಲಿ ಡ್ರಮ್‌ಗಳನ್ನು ನಾನು ನಾಲ್ಕು ಸಲ ಬರೆದು ಕೊಟ್ಟರೂ ಯಾರೂ ತೆಗೆದಿರಲಿಲ್ಲ, ಈಗ ಅವರೇ ತೆಗೆದರು. ಹತ್ತು ನಿಮಿಷವಾಯಿತು, ಎಂಟಾಯಿತು, ಆರೂವರೆಯಾಯಿತು. ನಾನು ರೇನ್‌ಕೋಟು ಹಾಕಿಕೊಂಡು ಮಳೆಯಲ್ಲಿ ಗೇಟಿನಿಂದ ಕಟ್ಟಡಕ್ಕೆ, ಕಟ್ಟಡದಿಂದ ಗೇಟಿಗೆ ಓಡಾಡಿದ್ದೇ ಓಡಾಡಿದ್ದು. ಭಾನುವಾರ ಶ್ರೀಕಾರ್ಯದ ಮನೆಯಲ್ಲಿ ಊಟಕ್ಕೆ ಕೂತರೆ ಬಾಯಲ್ಲಿ ಬರೀ ನಿಮಿಷ, ಸೆಕೆಂಡು.

"ನೀ ಕಾರ್ಖಾನಿ ನೌಕರಿ ಮಾಡಾಕತ್ತೀಯೋ, ಓಟದ ಪಂದ್ಯಾ ನಡಸಾಕತ್ತೀಯೋ?" ಎಂದು ನನ್ನ ಗಂಡ ಕೇಳಿದರು. ಎರಡೂ ಒಂದೇ ಎಂದು ನಾನು ಹೇಳಿದೆ. ಹಾಗೆ ಹೇಳಿದ್ದು ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಬೆಳಗಿನ ಪಾಳಿಯ ಮೇಲ್ವಿಚಾರಕ ಶಾಜಿ ಭಾರಿ ಚುರುಕಿನ ಮನುಷ್ಯ. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನು. ಅವನಿಗೆ ಸೋಲೆಂದರೆ ಮೈಮೇಲೆ ಕೆಂಡ ಬಿದ್ದ ಹಾಗೆ. ಆದರೆ ಅವನ ಪಾಳಿ ಪ್ರತಿ ಸಲವೂ ಸೋಲುತ್ತಿತ್ತು. ಇಪ್ಪತ್ತೆರಡು ಜನ ನಾಲ್ಕು ನಿಮಿಷದೊಳಗೆ ಬಂದು ನಿಲ್ಲುತ್ತಿದ್ದರು, ಇಪ್ಪತ್ತಮೂರನೆಯವರು ಬರುತ್ತಿರಲಿಲ್ಲ. ಅವರೇ ಸುಧಾಕರನ್ ಚೇಟ್ಟನ್, ನಮ್ಮ ಮಾತಿನಲ್ಲಿ ಸುಧಾಕರಣ್ಣ, ಮೇಲಿನ ಮಹಡಿಯ ಕೆಟಲ್ ಆಪರೇಟರ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹೆಗಲ ಮೇಲೊಂದು ತೋರ್ತು, ಅಂದರೆ ಅಲ್ಲಿಯವರು ಬಳಸುವ ತೆಳ್ಳನೆಯ ಟವೆಲು. ಎಲ್ಲರೂ ಬಂದು ಕಾಲು ಬದಲಾಯಿಸುತ್ತ ನಿಂತಿರುವಾಗ ಅವರು ನಿಧಾನವಾಗಿ ಮೆಟ್ಟಿಲಿಳಿದು, ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು.

ಒಂದು ದಿನ ನಾನೇ ಮೇಲೆ ಹೋಗಿ ಕೇಳಿದೆ. "ಚೇಟ್ಟಾ, ಸೈರನ್ ಕೇಳಿದ ತಕ್ಷಣ ಎಲ್ಲ ಬಿಟ್ಟು ಯಾಕೆ ಬರುವುದಿಲ್ಲ?"

ನನ್ನನ್ನು ಅವರು ಮೋಳೆ, ಅಂದರೆ ಮಗಳೇ, ಎಂದೇ ಕರೆಯುತ್ತಿದ್ದರು. ಕೆಟಲಿನ ಪಕ್ಕದ ಫಲಕ ತೋರಿಸಿದರು. "ಸಾಲ್ವೆಂಟ್ ಪಂಪು ಇಲ್ಲಿಂದ ನಿಲ್ಲಿಸಬೇಕು ಮೋಳೆ. ಆಮೇಲೆ ಈ ವಾಲ್ವ್ ಮುಚ್ಚಬೇಕು. ಇದು ಬಿಗಿ, ಹನ್ನೆರಡು ಸುತ್ತು ತಿರುಗಿಸಬೇಕು. ನಾನು ಹಾಗೇ ಬಂದುಬಿಟ್ಟರೆ ಬೆಂಕಿಗೆ ಎಣ್ಣೆ ಹೊಯ್ಯುತ್ತಲೇ ಇರುತ್ತದಲ್ಲ."

"ಪಂಪು ನಿಲ್ಲಿಸಲು ಹೊರಗಿನ ಗೋಡೆಯ ಮೇಲೂ ಬಟನ್ ಇದೆ. ಓಡುವಾಗ ಶಾಜಿ ಅದನ್ನು ಒತ್ತುತ್ತಾನೆ. ನೀವು ಸುಮ್ಮನೆ ಇಳಿದು ಬನ್ನಿ" ಎಂದೆ.

"ಒತ್ತುತ್ತಾನಾ?" ಎಂದರು. ಅದರಲ್ಲಿ ಕುಹಕವಿರಲಿಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದರು.

ನಾನು ವಾಚು ತೋರಿಸಿ, "ನಿಮ್ಮೊಬ್ಬರಿಂದ ಇಡೀ ಪಾಳಿ ಸೋಲುತ್ತಿದೆ ಚೇಟ್ಟಾ" ಎಂದೆ. ಅವರು ತಲೆ ತಗ್ಗಿಸಿ "ಶೆರಿ ಮೋಳೆ" ಎಂದರು. ಆ ಮಾತನ್ನು ನಾನು ಹೇಳಬಾರದಿತ್ತು. ಡ್ರಿಲ್‌ನಲ್ಲಿ ಶಾಜಿ ಆ ಬಟನ್ ಒತ್ತುತ್ತಾನೋ ಇಲ್ಲವೋ ಎಂದು ನಾನು ಒಂದು ದಿನವೂ ಹೋಗಿ ನೋಡಿರಲಿಲ್ಲ. ನಾನು ನೋಡುತ್ತಿದ್ದದ್ದು ಹಲಗೆಯನ್ನು.

ಮುಂದಿನ ಡ್ರಿಲ್‌ನಲ್ಲಿ ಬೆಳಗಿನ ಪಾಳಿ ಮೂರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಹಲಗೆ ಹಸಿರು ಮಾಡಿತು. ನಾನು ವಾಚನ್ನು ಮೂರು ಸಲ ನೋಡಿದೆ. ಆಮೇಲೆ ಕೆಸರಲ್ಲೇ ಕುಣಿದೆ. ಶಾಜಿಯನ್ನು ಹುಡುಗರು ಹೆಗಲ ಮೇಲೆ ಎತ್ತಿಕೊಂಡರು. ಬಾಲಣ್ಣ ಮಾತ್ರ ಹಲಗೆಯ ಕಡೆ ನೋಡಿ, "ಸುಧಾಕರನ್ ಚೇಟ್ಟ ಯಾವಾಗ ಬಂದದ್ದು? ನಾನು ಕಾಣ್ಲಿಲ್ಲ" ಎಂದ. ಸ್ವಲ್ಪ ಹೊತ್ತಿನ ಮೇಲೆ ಚೇಟ್ಟನ್ ಮೂಲೆಯಿಂದ ಕೈ ಒರೆಸಿಕೊಳ್ಳುತ್ತ ಬರುವುದನ್ನು ನಾನೂ ಕಂಡೆ. ಬಂದು ಟೋಕನ್ ತಿರುಗಿಸಿ ಮತ್ತೆ ಎಲ್ಲೋ ಹೋಗಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಂಬಬೇಕೆಂದು ಮನಸ್ಸಿದ್ದಾಗ ನಂಬುವುದು ಎಷ್ಟು ಸುಲಭ.

ಆ ಸಂಖ್ಯೆಯನ್ನು ಮ್ಯಾನೇಜರು ಹಿಗ್ಗಿನಿಂದ ತಿರುವನಂತಪುರಕ್ಕೆ ಕಳಿಸಿದರು. ಅಲ್ಲಿ ವರ್ಷಕ್ಕೊಮ್ಮೆ ಹತ್ತಾರು ಕಾರ್ಖಾನೆಗಳ ಸುರಕ್ಷತಾ ಅಧಿಕಾರಿಗಳು ಸೇರುವ ಒಂದು ಸಭೆ, ಅದರಲ್ಲಿ ಡ್ರಿಲ್‌ನಲ್ಲಿ ಎಲ್ಲರಿಗಿಂತ ಬೇಗ ಜನರನ್ನು ಹೊರತಂದ ಕಾರ್ಖಾನೆಗೆ ಬಹುಮಾನ. ನಮ್ಮ ಹೆಸರು ಕೊನೆಯ ಸುತ್ತಿಗೆ ಬಂತು. ವೇದಿಕೆಯ ಮೇಲೆ ಏನು ಸೀರೆ ಉಡಬೇಕು ಎಂದು ನಾನು ಆಗಲೇ ಯೋಚಿಸಿಬಿಟ್ಟಿದ್ದೆ.

ಕರ್ಕಿಡಕ ಮಾಸ ಬಂತು. ಕೇರಳದವರು ಮಳೆಗೆ ಕೈಮುಗಿದು ಗಂಜಿ ಕುಡಿಯುವ ತಿಂಗಳು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಆಫೀಸಿನಲ್ಲಿ ಒದ್ದೆ ಶೂ ಒಣಗಿಸುತ್ತ ಕೂತಿದ್ದೆ. ಸೈರನ್ ಕೂಗಿತು. ಅಂದು ಡ್ರಿಲ್ ದಿನವಲ್ಲ. ಬರಿಗಾಲಲ್ಲೇ ಓಡಿದೆ.

ಕೆಳಗಿನ ಟ್ಯಾಂಕಿನ ಬಳಿ ಸಾಲ್ವೆಂಟ್ ಪೈಪಿನ ಒಂದು ಜೋಡಣೆ ಬಿಚ್ಚಿಕೊಂಡು ದ್ರವ ಚೆಲ್ಲಿತ್ತು. ಅದಕ್ಕೆ ಕಿಡಿ ಎಲ್ಲಿಂದ ಸಿಕ್ಕಿತೆಂದು ಆಮೇಲೂ ಖಚಿತವಾಗಲಿಲ್ಲ. ನಾನು ಗೇಟು ತಲುಪುವಷ್ಟರಲ್ಲಿ ಕಟ್ಟಡದ ಪೂರ್ವದ ಮಗ್ಗುಲು ಕಪ್ಪು ಹೊಗೆ ಕಾರುತ್ತಿತ್ತು. ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು, ಹೊಗೆ ನಮ್ಮಿಂದ ಆಚೆಗೆ ಹೋಗುತ್ತಿತ್ತು, ಅದೊಂದು ಪುಣ್ಯ. ಹಲಗೆಯ ಮುಂದೆ ಶಾಜಿ ನಿಂತಿದ್ದ, ಏದುಸಿರು ಬಿಡುತ್ತ.

"ಎಲ್ಲ ಹಸಿರು ಮೇಡಂ. ಮೂರೂಮುಕ್ಕಾಲು ನಿಮಿಷ."

ಅಷ್ಟು ದೊಡ್ಡ ಬೆಂಕಿಯ ಎದುರು ನಿಂತು ನನಗೆ ಮೊದಲು ಅನ್ನಿಸಿದ್ದು ಹೆಮ್ಮೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅನ್ನಿಸಿದ್ದು ಅದೇ. "ಒಳಗೆ ಯಾರೂ ಇಲ್ಲ, ಹೊರಗಿನಿಂದಲೇ ಹೊಡೆಯಿರಿ" ಎಂದು ಬಾಲಣ್ಣನಿಗೆ ಕೂಗಿ ಹೇಳಿದೆ. ಅವನ ತಂಡ ಆಗಲೇ ನೊರೆಯ ಕೊಳವೆ ಬಿಚ್ಚಿತ್ತು. ಬಿಳಿ ನೊರೆ ಬೆಂಕಿಯ ಮೇಲೆ ದಪ್ಪಗೆ ಕೂರುತ್ತಿತ್ತು, ಮರುಕ್ಷಣ ಹರಿದು ಅದರ ಅಡಿಯಿಂದ ಜ್ವಾಲೆ ಮೇಲೆದ್ದು ಬರುತ್ತಿತ್ತು. ಮತ್ತೆ ಹೊದಿಸಿದರೆ ಮತ್ತೆ ಏಳುತ್ತಿತ್ತು.

ಬಾಲಣ್ಣ ಕಿವಿಗೊಟ್ಟು ಕೇಳಿದ. "ಮೇಡಂ, ಪಂಪು ಇನ್ನೂ ಓಡ್ತಾ ಉಂಟು. ಹೊಸ ಎಣ್ಣೆ ಬರ್ತಾನೇ ಉಂಟು. ಹೊರಗಿನ ಬಟನ್ ಒತ್ತಿದ್ದು ಯಾರು?"

ನಾನು ಶಾಜಿಯತ್ತ ತಿರುಗಿದೆ. ಅವನ ಮುಖ ಬಿಳಿಚಿಕೊಂಡಿತ್ತು. ಬಟನಿನ ಮುಂದೆಯೇ ಓಡಿಬಂದಿದ್ದ, ಒತ್ತಿರಲಿಲ್ಲ. ಅಷ್ಟು ವಾರಗಳ ಅಭ್ಯಾಸದಲ್ಲಿ ಒಂದು ಸಲವೂ ಒತ್ತಿರಲಿಲ್ಲ, ನಿಂತರೆ ಎರಡು ಸೆಕೆಂಡು ಹೋಗುತ್ತಿತ್ತು. ಈಗ ಆ ಗೋಡೆಯ ಹತ್ತಿರ ಹೋಗುವ ಹಾಗೇ ಇರಲಿಲ್ಲ, ಜ್ವಾಲೆ ಅಲ್ಲಿಯವರೆಗೂ ನಾಲಿಗೆ ಚಾಚಿತ್ತು. ಇಡೀ ಕಾರ್ಖಾನೆಯ ಕರೆಂಟು ತೆಗೆಸಿದರೆ ನೊರೆಗೆ ನೀರು ಕೊಡುವ ಪಂಪೂ ನಿಲ್ಲುತ್ತದೆ. ಏನು ಮಾಡಲಿ ಎಂದು ನಾನು ತಲೆ ಕೆಡಿಸಿಕೊಳ್ಳುತ್ತಿರುವಾಗಲೇ ಸಾಲ್ವೆಂಟ್ ಪಂಪಿನ ಗುಂಯ್‌ಗುಡುವ ಸದ್ದು ಇಳಿಯಿತು. ಇಳಿದು ನಿಂತೇಹೋಯಿತು.

ಬೆಂಕಿ ಕಣ್ಣೆದುರೇ ಕುಗ್ಗಿತು. ನೊರೆ ಈ ಸಲ ಹರಿಯದೆ ಕೂತಿತು. ಗೇಟಿನ ಬಳಿ ಇದ್ದವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಲು ಎತ್ತಿದ ಕೈ ಅಲ್ಲೇ ನಿಂತಿತು. ಮೇಲಿನ ಮಹಡಿಯ ಕಿಟಕಿಯಲ್ಲಿ ದೀಪಗಳು ಉರಿಯುತ್ತಿದ್ದವು, ಅಂದರೆ ಕರೆಂಟು ಹೋಗಿರಲಿಲ್ಲ.

"ಪಂಪು ನಿಲ್ಲಿಸಿದ್ದು ಯಾರು?" ಎಂದೆ. ಎಲ್ಲರೂ ಹಲಗೆಯತ್ತ ತಿರುಗಿದರು. ಹಲಗೆಯ ಮೇಲೆ ಇಪ್ಪತ್ತಮೂರು ಟೋಕನ್, ಇಪ್ಪತ್ತಮೂರೂ ಹಸಿರು.

ಶಾಜಿ ಹಲಗೆಗೆ ಒರಗಿಕೊಂಡ. "ಮೇಡಂ, ಚೇಟ್ಟನ ಟೋಕನ್ ನಾನು ತಿರುಗಿಸಿದ್ದು" ಎಂದ. "ಆ ಗೆದ್ದ ದಿನದಿಂದ ಪ್ರತಿ ಸಲ ನಾನೇ ತಿರುಗಿಸುತ್ತಿದ್ದೆ. ಇವತ್ತೂ ಕೈ ತಾನಾಗಿ ಹೋಯಿತು."

ಬಾಲಣ್ಣನೂ ಅವನ ತಂಡದ ಇನ್ನೊಬ್ಬನೂ ಬೆನ್ನಿಗೆ ಗಾಳಿಯ ಸಿಲಿಂಡರ್ ಏರಿಸಿ, ಮುಖಕ್ಕೆ ಮಾಸ್ಕ್ ಬಿಗಿದು, ಒಬ್ಬರ ಸೊಂಟದಿಂದ ಇನ್ನೊಬ್ಬರಿಗೆ ಹಗ್ಗ ಕಟ್ಟಿಕೊಂಡು ಹಿಂದಿನ ಮೆಟ್ಟಿಲ ಕಡೆಗೆ ನಡೆದರು. ಮಾಸ್ಕ್ ಬಿಗಿಯುವ ಮುಂಚೆ ಬಾಲಣ್ಣ, "ಗಾಳಿಯ ಲೆಕ್ಕ ನೀವು ನೋಡಿ ಮೇಡಂ" ಎಂದ, ಅಷ್ಟೇ. ಆ ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತ ಬಂದರೆ ಅದಕ್ಕೆ ಜೋಡಿಸಿದ ಸೀಟಿ ಕೂಗುತ್ತದೆ. ಆಮೇಲೆ ಉಳಿಯುವುದು ಕೆಲವೇ ನಿಮಿಷ.

ನಾನು ವಾಚು ಒತ್ತಿದೆ. ಉಳಿದ ಇಪ್ಪತ್ತೆರಡು ಜನರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹೆಸರು ಕೂಗಿ, ಮುಖ ನೋಡಿ, ಹೆಗಲು ಮುಟ್ಟಿ ಎಣಿಸಿದೆ. ಮಳೆಯಲ್ಲಿ ಎಲ್ಲರ ಮುಖವೂ ಒಂದೇ ಥರ ಕಾಣುತ್ತಿತ್ತು, ಆದರೂ ಮತ್ತೊಮ್ಮೆ ಎಣಿಸಿದೆ. ಎಂಟು ನಿಮಿಷವಾಯಿತು. ಹತ್ತಾಯಿತು. ಅಷ್ಟೊಂದು ಡ್ರಿಲ್‌ಗಳಲ್ಲಿ ಮುಳ್ಳು ನಿಧಾನವಾಗಲಿ ಎಂದು ಬೇಡಿಕೊಂಡವಳು ಅಂದು ಇನ್ನೂ ನಿಧಾನವಾಗಲಿ ಎಂದು ಬೇಡಿಕೊಂಡೆ. ಹದಿನಾಲ್ಕನೇ ನಿಮಿಷಕ್ಕೆ ಕಟ್ಟಡದ ಹಿಂದಿನಿಂದ ಸಿಲಿಂಡರಿನ ಸೀಟಿ ಕೇಳಿಸಿತು. ಶಾಜಿ ಕಣ್ಣು ಮುಚ್ಚಿಕೊಂಡ. ನಾನು ಓಡಿದೆ.

ಹಿಂದಿನ ಬಾಗಿಲಿನಿಂದ ಮೂರು ಆಕೃತಿಗಳು ಬರುತ್ತಿದ್ದವು. ನಡುವಿನದು ಇಬ್ಬರ ಹೆಗಲ ಮೇಲೆ ಜೋತುಬಿದ್ದಿತ್ತು, ಮೂಗು ಬಾಯಿಗೆ ಒದ್ದೆ ತೋರ್ತು ಸುತ್ತಿಕೊಂಡು. ಮುಂದಿನ ಮೆಟ್ಟಿಲು ಹೊಗೆಯಿಂದ ತುಂಬಿದ ಮೇಲೆ ಚೇಟ್ಟನ್ ನಾನು ಪಾಠದಲ್ಲಿ ಹೇಳಿದ ಹಾಗೇ ನೆಲಕ್ಕೆ ಮೈ ಹಚ್ಚಿ ತೆವಳಿಕೊಂಡು ಹಿಂದಿನ ಮೆಟ್ಟಿಲ ತಿರುವಿನ ತನಕ ಬಂದಿದ್ದರು. ಅಲ್ಲಿ ಶಕ್ತಿ ಮುಗಿದಿತ್ತು.

ಗೇಟಿನ ಬಳಿ ಮಲಗಿಸಿ ಆಮ್ಲಜನಕ ಕೊಟ್ಟೆವು. ಕೆಮ್ಮಿದರು, ಕಪ್ಪಗೆ ಉಗುಳಿದರು, ಕಣ್ಣು ಬಿಟ್ಟರು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ನನ್ನ ಕೊರಳಲ್ಲಿ ತೂಗುತ್ತಿದ್ದ ವಾಚನ್ನು ನೋಡಿದರು.

"ವಾಲ್ವ್ ಮುಚ್ಚಿದೆ ಮೋಳೆ" ಎಂದರು. "ಎಷ್ಟು ನಿಮಿಷ ಆಯ್ತು? ಇವತ್ತೂ ನನ್ನಿಂದ ತಡವಾಯ್ತಾ?"

ನಾನು ಅಲ್ಲೇ ಕೆಸರಿನಲ್ಲಿ ಕೂತು, ಇಡೀ ಪಾಳಿಯ ಎದುರಿಗೆ ಗೊಳೋ ಎಂದು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಊರಿನ ಅಗ್ನಿಶಾಮಕ ವಾಹನಗಳೂ ಬಂದು ಬೆಂಕಿ ಪೂರ್ತಿ ಆರಿತು. ಚೇಟ್ಟನ್ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಪಂಪು ಶಾಜಿ ನಿಲ್ಲಿಸುತ್ತಾನೆಂಬ ನನ್ನ ಮಾತು ನಂಬಿ ಅವರು ಮೊದಲು ವಾಲ್ವ್ ತಿರುಗಿಸತೊಡಗಿದ್ದರಂತೆ, ಪಂಪಿನ ಸದ್ದು ನಿಲ್ಲದ್ದು ಕೇಳಿ ಆಮೇಲೆ ತಾವೇ ಅದನ್ನು ನಿಲ್ಲಿಸಿದ್ದರಂತೆ. ಅವರು ಒಳಗೆ ಉಳಿದದ್ದು ಸರಿ ಎಂದು ನಾನು ಇವತ್ತಿಗೂ ಹೇಳುವುದಿಲ್ಲ, ಯಾವ ವಾಲ್ವಿಗೂ ಒಂದು ಜೀವದ ಬೆಲೆಯಿಲ್ಲ. ಆದರೆ ಅವರು ಉಳಿದದ್ದು ನಾವು ಬಟನ್ ಒತ್ತದೆ ಓಡಿದ್ದರಿಂದ, ನಾವು ಓಡಿದ್ದು ನನ್ನ ವಾಚಿಗಾಗಿ. ಶಾಜಿಯನ್ನು ಕೆಲಸದಿಂದ ತೆಗೆಯಬೇಕೆಂಬ ಮಾತು ಬಂದಾಗ ಮ್ಯಾನೇಜರ ಮುಂದೆ ಇದನ್ನೇ ಹೇಳಿದೆ. ಹಾಗಾದರೆ ನನ್ನನ್ನೂ ತೆಗೆಯಿರಿ ಎಂದೂ ಹೇಳಿದೆ. ಇಬ್ಬರನ್ನೂ ತೆಗೆಯಲಿಲ್ಲ.

ಪಂದ್ಯ ನಿಂತಿತು. ಪಂಪಿನ ಬಟನನ್ನು ಕಟ್ಟಡದಿಂದ ದೂರ, ಗೇಟಿನ ದಾರಿಯಲ್ಲೇ ಹಾಕಿಸಿದೆವು. ಕೆಟಲಿನ ವಾಲ್ವನ್ನೂ ಹೊರಗಿನಿಂದಲೇ ಮುಚ್ಚುವ ಹಾಗೆ ಬದಲಾಯಿಸಿದೆವು. ಟೋಕನ್ ತಿರುಗಿಸುವವನು ಅದರ ಒಡೆಯನೇ ಆಗಿರಬೇಕು, ಆಮೇಲೆ ಹೆಸರು ಕೂಗಿ ಮುಖ ನೋಡಿ ಎಣಿಸಬೇಕು ಎಂದಾಯಿತು. ಹೊಸ ಕ್ರಮದ ಮೊದಲ ಡ್ರಿಲ್‌ನಲ್ಲಿ ಬಟನಿನ ಪಕ್ಕ ನಾನೇ ನಿಂತಿದ್ದೆ. ಏಳು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ಬಾಲಣ್ಣ ಹಲಗೆ ನೋಡಿ, ಮುಖಗಳನ್ನು ನೋಡಿ, "ಇದು ಸರಿ ಉಂಟು ಮೇಡಂ" ಎಂದ. ಆ ದಿನ ನಾನು ಗಾಡಿಯಲ್ಲಿ ತಿರುವನಂತಪುರದವರೆಗೂ ಒಬ್ಬಳೇ ನಗುತ್ತ ಕೂತಿದ್ದೆ.

ಇನ್ನು ಉಳಿದದ್ದು ಆ ಬಹುಮಾನದ ಸಭೆ, ತಂಪಾನೂರಿನ ಹತ್ತಿರದ ಒಂದು ಸಭಾಂಗಣದಲ್ಲಿ. ಬೆಂಕಿಗೆ ಮುಂಚೆಯೇ ನಮ್ಮ ಮೂರು ನಿಮಿಷ ನಲವತ್ತು ಸೆಕೆಂಡು ಅಲ್ಲಿಗೆ ತಲುಪಿತ್ತು. "ಯಾರೂ ಸತ್ತಿಲ್ಲವಲ್ಲ, ಕಳಿಸಿದ ಸಂಖ್ಯೆಯನ್ನೇ ಹೇಳಿ ಬಂದುಬಿಡಿ" ಎಂದು ಮ್ಯಾನೇಜರು ಫೋನಿನಲ್ಲಿ ಹೇಳಿದ್ದರು. ಸಭೆಯ ಹಿಂದಿನ ದಿನ ನಾನು ಚೇಟ್ಟನ್ನರಿಗೆ ಫೋನು ಮಾಡಿ, "ನಿಮ್ಮ ಕಥೆ ಅಲ್ಲಿ ಹೇಳಲೇ?" ಎಂದು ಕೇಳಿದೆ. "ಹೇಳು ಮೋಳೆ, ಆದರೆ ಶಾಜಿಯ ಹೆಸರು ಬೇಡ" ಎಂದರು.

ಹೆಸರು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ನಮ್ಮ ಸಂಖ್ಯೆ ಸುಳ್ಳು, ಆ ಸುಳ್ಳನ್ನು ಕಲಿಸಿದವಳು ನಾನೇ, ನಿಜವಾದ ಸಮಯ ಏಳು ನಿಮಿಷ ಹತ್ತು ಸೆಕೆಂಡು ಎಂದೆ. ಮೈಕು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ದಪ್ಪ ಮೀಸೆಯ, ಐವತ್ತರ ಆಸುಪಾಸಿನ ಮನುಷ್ಯ, ಗ್ಯಾಸ್ ತುಂಬಿಸುವ ಒಂದು ಕಾರ್ಖಾನೆಯ ಸುರಕ್ಷತಾ ಅಧಿಕಾರಿ.

"ಮೇಡಂ, ನಮ್ಮದು ಎರಡು ನಿಮಿಷ ಐವತ್ತು. ಹೋದ ವರ್ಷದ ಬಹುಮಾನ ನಮಗೇ ಬಂದದ್ದು" ಎಂದರು. "ಇವತ್ತು ಮೂರು ಗಂಟೆಗೆ ನಮ್ಮಲ್ಲಿ ಡ್ರಿಲ್ ಇದೆ. ಅವರಿಗೆ ಏನು ಹೇಳಲಿ?"

"ಗಡಿಯಾರ ನೋಡಬೇಡಿ ಅಂತ ಹೇಳಿ" ಎಂದೆ. "ಹೆಸರು ಕೂಗಿ ಒಬ್ಬೊಬ್ಬರ ಮುಖ ನೋಡಲಿ."

ಅವರು ಫೋನು ಹಿಡಿದು ಹೊರಗೆ ಹೋದರು. ಆಮೇಲೆ ಯಾರೋ ಏನೋ ಭಾಷಣ ಮಾಡಿದರು, ನನಗೆ ಒಂದಕ್ಷರವೂ ನೆನಪಿಲ್ಲ. ಎಲ್ಲರ ಕಣ್ಣೂ ಬಾಗಿಲ ಕಡೆಗಿತ್ತು. ಚಾಯ ಬಂತು, ಯಾರೂ ಏಳಲಿಲ್ಲ. ಮೂರೂವರೆಯ ಹೊತ್ತಿಗೆ ಅವರು ಒಳಗೆ ಬಂದರು. ಫೋನು ಇನ್ನೂ ಕಿವಿಯ ಹತ್ತಿರವೇ ಇತ್ತು, ಮುಖದ ತುಂಬ ಬೆವರು.

"ಪಟ್ಟಿಯಲ್ಲಿ ಎಲ್ಲರೂ ಹೊರಗೆ ಅಂತ ಇತ್ತು. ಹೆಸರು ಕೂಗಿದರೆ ಇಬ್ಬರು ಇಲ್ಲ" ಎಂದರು. "ಒಬ್ಬ ಗೋದಾಮಿನಲ್ಲಿದ್ದ, ಸೈರನ್ ಅಲ್ಲಿಗೆ ಕೇಳಿಸುವುದೇ ಇಲ್ಲವಂತೆ. ಇನ್ನೊಬ್ಬ ಕೆಟ್ಟುಹೋದ ಲಿಫ್ಟಿನೊಳಗೆ. ಇಬ್ಬರೂ ಈಗ ಹೊರಗೆ ಬಂದಿದ್ದಾರೆ. ಹನ್ನೊಂದು ನಿಮಿಷ."

ಅವರು ಅಷ್ಟು ಹೇಳಿ ಅಲ್ಲಿದ್ದ ಕುರ್ಚಿಯ ಮೇಲೆ ಕುಸಿದು ಕೂತರು. ಇಡೀ ಸಭೆ ಎದ್ದು ನಿಂತಿತು. ಹನ್ನೊಂದು ನಿಮಿಷಕ್ಕೆ ಅಷ್ಟು ಜೋರಾಗಿ ಚಪ್ಪಾಳೆ ಬಿದ್ದದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ.